ವ್ಯಾಗನ್ ಗೋಡೆಯಲ್ಲಿ ಗುಳ್ಳೆ ಏಕೆ?

ಪ್ರಶ್ನೆ: 1:87 ಅಳತೆಯ (ನಿಜವಾದದ್ದರ 87ನೇ ಒಂದು ಭಾಗದ) ಮಾದರಿ ರೈಲಿನ ಗೂಡ್ಸ್ ವ್ಯಾಗನ್ನಿಗೆ ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯಲ್ಲಿ ಪಕ್ಕದ ಗೋಡೆ ಮಾಡಿ, ಸಿಲಿಕೋನ್ ಅಚ್ಚು ತೆಗೆದು ಪಾಲಿಯುರೆಥೇನ್ ರೆಸಿನ್ (ಕಲಸಿ ಸುರಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಸುರಿದೆ. ತುಂಬಾ ಗುಳ್ಳೆ; ಗೋಡೆಯೂ ಬಾಗಿದೆ. ಏನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ಗುಳ್ಳೆ ಪಟ್ಟಿಗಳ ಮೂಲೆಯಲ್ಲಷ್ಟೇ ಇದ್ದರೆ ಅದು ಸಿಕ್ಕಿಕೊಂಡ ಗಾಳಿ. ಅಚ್ಚಿಗೆ ಟಾಲ್ಕಂ ಪೌಡರ್ ಸವರಿ, ಹೆಚ್ಚಾದದ್ದನ್ನು ಕೊಡವಿ. ಮೊದಲು ಸಣ್ಣ ಬ್ರಷ್‌ನಿಂದ ಮೂಲೆಗಳಿಗೆ ರೆಸಿನ್ ತೀಡಿ, ಆಮೇಲೆ ಒಂದೇ ಕಡೆಯಿಂದ ನಿಧಾನವಾಗಿ ಸುರಿಯಿರಿ.

ಇಡೀ ಗೋಡೆ ನೊರೆನೊರೆಯಾಗಿದ್ದರೆ ತೇವದ ಕಾಟ: ರೆಸಿನ್ನಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ನೀರಿನೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮಳೆಗಾಲದಲ್ಲಂತೂ ಡಬ್ಬಿ ತೆರೆದಿಡಲೇಬೇಡಿ. ಕಲಸಲು ಮರದ ಕಡ್ಡಿ ಬೇಡ, ಪ್ಲಾಸ್ಟಿಕ್ಕಿನದು ಇರಲಿ.

ಪೂರ್ತಿ ಗಟ್ಟಿಯಾಗುವ ಮೊದಲೇ ಬಿಡಿಸಿದರೆ ಗೋಡೆ ಬಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಎರಡು ಗಾಜಿನ ನಡುವೆ ಒತ್ತಿ, ತಣಿಯಲು ಬಿಡಿ. ಜೋಡಿಸಲು ಸೂಪರ್ ಗ್ಲೂ ಬಳಸಿ; ಸ್ಟೈರೀನ್ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ.