ಸಾಂಟಾ ಫೇಗೆ ಬರಲಿರುವ ನಿಮಗೆ

ಮುಂದಿನ ತಿಂಗಳು ಕೆಲಸಕ್ಕೆಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಈ ಊರಿಗೆ ಬರಲಿರುವ ನೀವು ಬಾಡಿಗೆ, ಹವೆ, ಅಡುಗೆ ಸಾಮಾನುಗಳ ಬಗ್ಗೆ ಕೇಳಿ, ಕೊನೆಗೆ ತಾಯಿಯವರಿಗಾಗಿ ಇಲ್ಲಿನ ಆದಿವಾಸಿಗಳ ಬೆಳ್ಳಿ ಒಡವೆ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದೀರಿ. ಬಾಡಿಗೆ ದುಬಾರಿ. ಊರು ಸುಮಾರು 7,000 ಅಡಿ ಎತ್ತರದಲ್ಲಿದೆ, ಮೊದಲ ವಾರ ನೀರು ಹೆಚ್ಚು ಕುಡಿಯಿರಿ. ಬೇಳೆ, ಹುಣಸೆಹಣ್ಣಿಗೆ ನಾನು ಆಲ್ಬುಕರ್ಕಿಗೇ ಹೋಗುತ್ತೇನೆ. ಒಡವೆಯ ಪ್ರಶ್ನೆಗೆ ಮಾತ್ರ ನಿಧಾನವಾಗಿ ಉತ್ತರಿಸಬೇಕು.

ಸ್ಪೇನಿನವರು 1610ರ ಸುಮಾರಿಗೆ ಕಟ್ಟಿದ ಗವರ್ನರರ ಅರಮನೆಯ ಜಗಲಿಯಲ್ಲಿ ಡಿನೆ ಮತ್ತು ಪ್ಯೂಬ್ಲೊ ಎಂಬ ಆದಿವಾಸಿ ಸಮುದಾಯಗಳ ಕಲಾವಿದರು ಬಟ್ಟೆ ಹಾಸಿಕೊಂಡು ಕೂರುತ್ತಾರೆ. ಹೊರಗಿನವರು ನವಾಹೊ ಎಂದು ಕರೆಯುವವರೇ ಡಿನೆ ಜನ. ನಾನು ಬಂದ ಮೊದಲ ಬೇಸಿಗೆಯಲ್ಲಿ ಡಿನೆ ಹೆಂಗಸೊಬ್ಬರ ಮುಂದೆ ಕಾಂಚೊ ಬೆಲ್ಟೊಂದನ್ನು ಕಂಡೆ. ತೊಗಲಿನ ಪಟ್ಟಿಗೆ ಅಂಗೈಯಗಲದ ಬೆಳ್ಳಿಯ ಬಿಲ್ಲೆಗಳು, ಅವುಗಳ ನಡುವೆ ಸಣ್ಣ ಮಣಿಗಳ ಹೊಲಿಗೆ. ನಮ್ಮ ಕಡೆಯ ಸಂತೆಯಲ್ಲಿ ಕೇಳುವಂತೆ ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದೆ. ಅವರು ಮಾತಾಡದೆ ಬೆಲ್ಟನ್ನು ಸುರುಳಿ ಸುತ್ತಿ ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು.

ಆ ಕೆಲಸದ ಬೆಲೆ ನನಗೆ ತಿಳಿದದ್ದು ವರ್ಷಗಳ ನಂತರ. ಅಮೆರಿಕದ ಸೈನ್ಯ 1864ರಲ್ಲಿ ಡಿನೆ ಜನರನ್ನು ಅವರ ನೆಲದಿಂದ ನೂರಾರು ಮೈಲಿ ನಡೆಸಿಕೊಂಡು ಹೋಗಿ ಸೆರೆಯಲ್ಲಿಟ್ಟಿತು. 1868ರಲ್ಲಿ ಮರಳಿ ಬಂದ ಮೇಲೆಯೇ ಬೆಳ್ಳಿಯ ವಿದ್ಯೆ ಅವರಲ್ಲಿ ವ್ಯಾಪಕವಾಗಿ ಹರಡಿತು. ಮೊದಲು ನಾಣ್ಯಗಳನ್ನೇ ಬಡಿದು, ಕರಗಿಸಿ ಒಡವೆ ಮಾಡುತ್ತಿದ್ದರು. ಬೆಸುಗೆ ರೂಢಿಯಾಗುವ ಮುನ್ನ ಬಿಲ್ಲೆಯ ನಡುವೆಯೇ ಸೀಳು ಬಿಟ್ಟು ತೊಗಲನ್ನು ತೂರಿಸುತ್ತಿದ್ದರು. ನಮ್ಮ ಅಕ್ಕಸಾಲಿಗರ ಅಚ್ಚುಗಳಂತಹ ಉಕ್ಕಿನ ಅಚ್ಚುಗಳನ್ನು ಅನೇಕರು ತಾವೇ ಮಾಡಿಕೊಳ್ಳುತ್ತಾರೆ, ಒಂದೊಂದು ಗೆರೆಯೂ ಒಂದೊಂದು ಸುತ್ತಿಗೆಯ ಏಟು. ಸೊಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ ಸೇರಿಸಿ ಹೊಲಿದ ಚೀಲಗಳಿಗೂ ನಾನು ಹೀಗೆಯೇ ಅರ್ಧಕ್ಕೆ ಕೇಳಿದ್ದೆನೆಂಬುದು ಆಗ ನೆನಪಾಗಿ ಮನಸ್ಸು ಕುಗ್ಗಿತು.

ಆದ್ದರಿಂದ ಕಡಿಮೆ ಬೆಲೆಯದನ್ನು ಹುಡುಕಬೇಡಿ. ಆದಿವಾಸಿಗಳಲ್ಲದವರು ಮಾಡಿದ್ದನ್ನು ಅವರದೆಂದು ಮಾರುವುದು 1990ರ ಕಾನೂನಿನಂತೆ ಅಪರಾಧವಾದರೂ ನಕಲಿ ಮಾಲು ಬರುತ್ತಲೇ ಇದೆ. ಜಗಲಿಯಲ್ಲಿ ಕೊಂಡರೆ ಮಾಡಿದವರ ಅಥವಾ ಅವರ ಮನೆಯವರ ಕೈಯಿಂದಲೇ ಕೊಂಡಂತೆ. ಒಡವೆಯನ್ನು ತಿರುಗಿಸಿ ಹಿಂಬದಿಯ ಮುದ್ರೆ ನೋಡಿ, ಅದು ಯಾರದೆಂದು ಕೇಳಿ, ಹೇಳಿದಷ್ಟು ಕೊಡಿ. ಕೈಯಲ್ಲಿ ಹಣವಿಲ್ಲದಿದ್ದರೆ ಚಿಕ್ಕದೊಂದು ಕಿವಿಯೋಲೆ ಕೊಳ್ಳಿ, ಅಮ್ಮನಿಗೆ ಅದೇ ಹೆಚ್ಚು.

ನಾನು ಮರುವರ್ಷ ಆ ಹೆಂಗಸನ್ನು ಹುಡುಕಿಕೊಂಡು ಹೋದೆ. ಅಲ್ಲಿ ಜಾಗವನ್ನು ಬೆಳಗ್ಗೆ ಚೀಟಿ ಎತ್ತಿ ಹಂಚುತ್ತಾರೆ, ಅವರು ಕೂತಿದ್ದ ಕಡೆ ಬೇರೊಬ್ಬರಿದ್ದರು. ಮುದ್ರೆಯ ಗುರುತು ಹೇಳಿದರೆ ಹುಡುಕಬಹುದು ಎಂದರು. ನಾನು ಆ ಬಿಲ್ಲೆಯನ್ನು ತಿರುಗಿಸಿಯೂ ನೋಡಿರಲಿಲ್ಲ.