ಬೆಂಗಳೂರು ಬಿಟ್ಟು ಮಡಿಕೇರಿಗೆ ಬಂದರೆ ಒಳ್ಳೆ ಪಿಜ್ಜಾ ಎಲ್ಲಿ ಸಿಗುತ್ತೆ?

ಇಂದಿರಾನಗರದಿಂದ ಮಡಿಕೇರಿ ಕಡೆಗೆ ಮನೆ ಬದಲಾಯಿಸ್ತಿದ್ದೀರಿ, ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಪಿಜ್ಜಾ, ಪಾಸ್ತಾ ಬೇಕು, ಇಲ್ಲೇ ಸಿಗುತ್ತಾ ಅಥವಾ ಬೆಂಗಳೂರಿಗೇ ಓಡಬೇಕಾ ಅಂತ ಕೇಳಿದ್ದೀರಿ. ನಾನು ಇಲ್ಲಿಯವನೇ, ಬೆಂಗಳೂರಿನಲ್ಲಿ ಓದಿ, ಕೆಲಸ ಮಾಡಿ ವಾಪಸ್ ಬಂದವನು. ಹಾಗಾಗಿ ನಿಮ್ಮ ಕಷ್ಟ ಗೊತ್ತು.

ಸಿಗುತ್ತೆ. ಆದರೆ ಬೋರ್ಡ್ ನೋಡಿಕೊಂಡು ಹುಡುಕಿದರೆ ಸಿಗಲ್ಲ. ಪೇಟೆಯ ಮುಖ್ಯರಸ್ತೆಯಲ್ಲಿ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ತಂದೂರಿ, ಕಾಂಟಿನೆಂಟಲ್, ಕೊಡವ ಸ್ಪೆಷಲ್ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಬರೆಸಿಕೊಂಡ ಹೋಟೆಲಿಗೆ ಹೋದರೆ ದಯವಿಟ್ಟು ಪಿಜ್ಜಾ ಮಾತ್ರ ಹೇಳಬೇಡಿ ಮಾರಾಯ್ರೆ. ಆ ಮೆನು ಶನಿವಾರ-ಭಾನುವಾರ ಟೆಂಪೋ ಟ್ರಾವೆಲರ್‌ನಲ್ಲಿ ಬಂದಿಳಿಯುವ ಗುಂಪಿಗೋಸ್ಕರ ಉದ್ದ ಆಗಿರೋದು. ಪ್ಯಾಕೆಟ್ಟಿನ ಒಣ ಬೇಸು, ಅದಕ್ಕೆ ಸಿಹಿ ಕೆಚಪ್, ಮೇಲೆ ಹಸಿಹಸಿ ದೊಣ್ಣೆಮೆಣಸಿನಕಾಯಿ. ಅದೇ ಹೋಟೆಲಿನಲ್ಲಿ ನೂಲ್‌ಪುಟ್ಟು (ನಮ್ಮ ಅಕ್ಕಿ ಶಾವಿಗೆ), ಕೋಳಿ ಸಾರು ಹೇಳಿ ನೋಡಿ, ಬೆರಳು ನೆಕ್ಕಿಕೊಂಡು ಬರ್ತೀರಿ.

ಎಲ್ಲೇ ಹೋದರೂ ಕೂರುವ ಮುಂಚೆ ಎರಡು ವಿಷಯ ಕೇಳಿ. ಹಿಟ್ಟು ಇಲ್ಲೇ ಕಲಸ್ತೀರಾ, ಕಲಸಿದ್ದು ಯಾವಾಗ? 'ನಿನ್ನೆ ರಾತ್ರಿ' ಅನ್ನುವ ಉತ್ತರ ಬಂದರೆ ನೆಮ್ಮದಿಯಾಗಿ ಕೂತ್ಕೊಳ್ಳಿ. ಇನ್ನೊಂದು, ಓವನ್ ಎಂಥದ್ದು? ನೇಪಲ್ಸ್‌ನಲ್ಲಿ 1984ರಲ್ಲಿ ಹುಟ್ಟಿದ ಪಿಜ್ಜಾ ಸಂಘದ ನಿಯಮದ ಪ್ರಕಾರ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೆಂದು ಹೊರಗೆ ಬರಬೇಕು. ಅದಕ್ಕೆ 430 ಡಿಗ್ರಿಗೂ ಮೇಲಿನ ಶಾಖ ಬೇಕು. ನಮ್ಮ ಹೋಟೆಲುಗಳ ಮೈಕ್ರೋವೇವ್ ಇದಕ್ಕೆ ಯಾವ ಜನ್ಮದಲ್ಲೂ ಆಗಲ್ಲ.

ಆ ಶಾಖ ಇಲ್ಲಿ ಸಿಗೋದು ತೋಟಗಳ ಒಳಗಿನ ಕೆಲವು ಹೋಂಸ್ಟೇ, ಕೆಫೆಗಳ ಸೌದೆ ಒಲೆಯಲ್ಲಿ. ಪೊಲ್ಲಿಬೆಟ್ಟ, ಸಿದ್ದಾಪುರ, ಸುಂಟಿಕೊಪ್ಪದ ಕಡೆ ತಿರುಗಾಡುವಾಗ ವಿಚಾರಿಸ್ತಾ ಇರಿ. ಬುಡ ಕಿತ್ತ ಹಳೇ ಕಾಫಿ ಗಿಡದ ಸೌದೆ ಗಟ್ಟಿ, ನಿಧಾನಕ್ಕೆ ಉರಿದು ಒಳ್ಳೆ ಕೆಂಡ ಬಿಡುತ್ತೆ. ಸಿಲ್ವರ್ ಓಕ್ ಭಗ್ಗನೆ ಉರಿದು ಬೂದಿಯಾಗುತ್ತೆ. ಗಿರಾಕಿ ಇದ್ದ ದಿನ ಮಾತ್ರ ಒಲೆ ಹಚ್ತಾರೆ, ಅದು ಬಿಸಿಯಾಗೋದಕ್ಕೇ ಗಂಟೆಗಟ್ಟಲೆ ಬೇಕು, ಅದಕ್ಕೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಜುಲೈನಲ್ಲಿ ಮಳೆ ಹಿಡಿದುಕೊಂಡರೆ ಸೌದೆ ಒದ್ದೆ, ರಸ್ತೆಯೂ ಕಷ್ಟ. ಆಗ ಕೇಳೋದೇ ಬೇಡ.

ಇನ್ನು ಮನೆಯಲ್ಲಿ ಮಾಡೋದು. ನನ್ನ ಪ್ರಕಾರ ಕೊಡಗಿನ ಅತ್ಯುತ್ತಮ ಪಿಜ್ಜಾ ಸಿಗೋದು ಇಲ್ಲೇ, ಅದಕ್ಕೆ ಕಾರಣ ನಮ್ಮ ಹವಾ. ಮಡಿಕೇರಿ ಇರೋದು 1,100 ಮೀಟರಿಗೂ ಮೇಲೆ, ಮಳೆಗಾಲದ ರಾತ್ರಿ 17-18 ಡಿಗ್ರಿ. ಬೇಸಿಗೆಯ ಬೆಂಗಳೂರಲ್ಲಿ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಕಾಪಾಡಬೇಕು, ಇಲ್ಲಿ ಅಡುಗೆಮನೆ ಕಟ್ಟೆಯೇ ಸಾಕು. ಅರ್ಧ ಕೆಜಿ ಮೈದಾ, 325 ಎಂಎಲ್ ನೀರು, 10 ಗ್ರಾಂ ಉಪ್ಪು, ಒಣ ಯೀಸ್ಟ್ ಕಾಲು ಟೀ ಚಮಚ, ಅಷ್ಟೇ. ರಾತ್ರಿ ಊಟ ಆದ ಮೇಲೆ ಕಲಸಿ ಮುಚ್ಚಿಟ್ಟರೆ ಮರುದಿನ ಮಧ್ಯಾಹ್ನಕ್ಕೆ ಉಬ್ಬಿ, ಮೇಲೆಲ್ಲ ಗುಳ್ಳೆ ಎದ್ದಿರುತ್ತೆ, ಮೂಗಿಗೆ ತಿಳಿ ಹುಳಿವಾಸನೆ ಬರುತ್ತೆ. ಉಂಡೆ ಕಟ್ಟಿ ಇನ್ನೊಂದೆರಡು ಗಂಟೆ ಬಿಡಿ. ಲಟ್ಟಣಿಗೆ ಮುಟ್ಟಲೇಬೇಡಿ, ಕೈಯಲ್ಲೇ ಅಗಲಿಸಿ.

ಬೇಯಿಸೋದಕ್ಕೆ ದೋಸೆ ಕಾವಲಿ ತಗೊಳ್ಳಿ, ಬೀಡುಕಬ್ಬಿಣದ್ದು, ನಾನ್‌ಸ್ಟಿಕ್ ಅಲ್ಲ. ಓಟಿಜಿಯೊಳಗೆ (ಮನೆಯ ಚಿಕ್ಕ ಕರೆಂಟ್ ಓವನ್) ಹಿಡಿಸುವಷ್ಟು ಚಿಕ್ಕದು, ಮರದ ಹಿಡಿ ಇಲ್ಲದ್ದು ಇರಲಿ. ದೊಡ್ಡ ಉರಿಯಲ್ಲಿ ಹೊಗೆ ಏಳುವವರೆಗೆ ಕಾಯಿಸಿ, ಹಿಟ್ಟು ಹಾಕಿ, ಅದು ಕಾವಲಿಯಲ್ಲಿರುವಾಗಲೇ ಸಾಸು, ಚೀಸು ಹರಡಿ. ತಳ ಚುಕ್ಕೆಚುಕ್ಕೆಯಾಗಿ ಕಪ್ಪಾದ ಕೂಡಲೇ ಕಾವಲಿ ಸಮೇತ ಓಟಿಜಿಯ ಮೇಲಿನ ಕಾಯಿಲ್ ಕೆಳಗೆ ಇಡಿ. 250 ಡಿಗ್ರಿಯ ಓಟಿಜಿ ಒಂದನ್ನೇ ನಂಬಿದರೆ ಪಿಜ್ಜಾ ಒಣಗಿ ರಸ್ಕ್ ಆಗುತ್ತೆ. ಕಾವಲಿ ಜೊತೆ ಸೇರಿಸಿದರೆ ಐದಾರು ನಿಮಿಷದಲ್ಲಿ ಅಂಚು ಉಬ್ಬಿ ಒಳಗೆ ಮೆತ್ತಗಿರುತ್ತೆ.

ಚೀಸ್ ವಿಷಯದಲ್ಲಿ ಪ್ಯಾಕೆಟ್ ತಿರುಗಿಸಿ ಓದಿ. ಪಾಮ್ ಎಣ್ಣೆ ಅಂತ ಕಂಡರೆ ಅದು ಅನಲಾಗ್, ಅಂದರೆ ನಕಲಿ ಚೀಸ್, ವಾಪಸ್ ಇಟ್ಟುಬಿಡಿ. ಅಮುಲ್ ಮೊಝರೆಲ್ಲಾ ಸಿಕ್ಕಿದರೆ ಸಾಕು, ದಿನನಿತ್ಯಕ್ಕೆ ಚೆನ್ನಾಗಿದೆ.

ಪಂದಿ ಕರಿ (ಕೊಡವರ ಹಂದಿ ಮಾಂಸದ ಅಡುಗೆ) ಪಿಜ್ಜಾ ಅಂತ ಒಂದನ್ನು ಅಲ್ಲಲ್ಲಿ ಮಾರ್ತಾರೆ. ಹೆಚ್ಚಿನ ಕಡೆ ಕೆಟ್ಟದಾಗಿರುತ್ತೆ, ಯಾಕಂದರೆ ಪಂದಿಗೆ ಹಾಕುವ ಕಾಚಂಪುಳಿ ಅನ್ನೋ ಕಪ್ಪು ಹಣ್ಣಿನ ರಸದ ಹುಳಿ ಮೇಲೆ ಟೊಮೆಟೊ ಹುಳಿ ಬಿದ್ದು ಎರಡೂ ಜಗಳ ಆಡ್ತವೆ. ಮನೆಯಲ್ಲಿ ಮಾಡಿದರೆ ಟೊಮೆಟೊ ಸಾಸ್ ಬಿಟ್ಟುಬಿಡಿ. ಪಿಜ್ಜಾ ಬೇಸ್ ಮೇಲೆ ಬೆಳ್ಳುಳ್ಳಿ ಹಾಕಿದ ಎಣ್ಣೆ ಸವರಿ, ಚೀಸ್ ಹರಡಿ, ನೀರೆಲ್ಲ ಆರುವಷ್ಟು ಹುರಿದ ನಿನ್ನೆಯ ಪಂದಿ ಸಣ್ಣಗೆ ಹೆಚ್ಚಿ ಹಾಕಿ, ಇಳಿಸಿದ ಮೇಲೆ ಒಂದು ಪರಂಗಿ ಮೆಣಸು (ಇಲ್ಲಿನ ಪುಟ್ಟ, ಭಾರೀ ಖಾರದ ಮೆಣಸಿನಕಾಯಿ) ಚೂರು ಮಾಡಿ ಉದುರಿಸಿ. ಮಕ್ಕಳ ಪಾಲಿಗೆ ಮೆಣಸು ಬೇಡ, ಅಳ್ತಾವೆ.

ಪಾಸ್ತಾ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಮನೆಯಲ್ಲೇ ಬೇಯಿಸಿ. ಆದರೆ ಪಾಶ್ಚಾತ್ಯ ಊಟ ಅಂದರೆ ಪಿಜ್ಜಾ, ಪಾಸ್ತಾ ಮಾತ್ರ ಅಂದುಕೊಂಡಿದ್ದರೆ ಕೊಡಗಿಗೆ ಅನ್ಯಾಯ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಬಿಳಿಯರ ಕಾಫಿ ತೋಟಗಳು ಬಂದವು, ಆಮೇಲೆ ನಮ್ಮ ಮನೆಮನೆಯಿಂದ ಸೈನ್ಯಕ್ಕೆ ಹೋದರು. ತೋಟದ ಬಂಗಲೆ ಮತ್ತು ಆಫೀಸರ್ಸ್ ಮೆಸ್ಸಿನ ಅಡುಗೆ ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿದೆ. ನಿವೃತ್ತ ಫೌಜಿ ದಂಪತಿ ನಡೆಸುವ ಹೋಂಸ್ಟೇ ಸಿಕ್ಕಿದರೆ ಪಿಜ್ಜಾ ಮರೆತು ರೋಸ್ಟ್ ಪೋರ್ಕ್, ಕಟ್ಲೆಟ್, ಕ್ಯಾರಮೆಲ್ ಕಸ್ಟರ್ಡ್ ಮಾಡಿಕೊಡ್ತೀರಾ ಅಂತ ಕೇಳಿ. ರೋಸ್ಟಿಗೆ ತೋಟದ ಕರಿಮೆಣಸನ್ನು ಆಗಷ್ಟೇ ಕುಟ್ಟಿ ಹಾಕಿರ್ತಾರೆ, ಬೆಂಗಳೂರಿನ ಸ್ಟೇಕ್‌ಹೌಸ್ ಏನೂ ಅಲ್ಲ. ಬಟರ್ ಫ್ರೂಟ್ ಕೂಡ ಅಷ್ಟೇ, ನೀವು ಅಲ್ಲಿ ದುಡ್ಡು ಸುರಿದು ತಿನ್ನುವ ಅವೊಕಾಡೊ ಟೋಸ್ಟಿನ ಹಣ್ಣು ಇಲ್ಲಿ ಕಾಫಿ ಗಿಡದ ಮಧ್ಯೆ ಬಿದ್ದಿರುತ್ತೆ, ಮಳೆಗಾಲದಲ್ಲಿ ಪಕ್ಕದ ಮನೆಯವರು ಚೀಲದಲ್ಲಿ ತಂದುಕೊಡ್ತಾರೆ.

ಬೆಂಗಳೂರು 260 ಕಿಲೋಮೀಟರ್ ಆಸುಪಾಸು, ಪಿಜ್ಜಾಕ್ಕೋಸ್ಕರ ಯಾರೂ ಹೋಗಲ್ಲ. ಮೈಸೂರು 120. ಆಸ್ಪತ್ರೆಗೋ ಶಾಪಿಂಗಿಗೋ ಹೋದಾಗ ಐಸ್ ಬಾಕ್ಸ್ ಒಯ್ದು ಚೀಸ್, ಆಲಿವ್, ಡಬ್ಬಿ ಟೊಮೆಟೊ ತುಂಬಿಕೊಂಡು ಬನ್ನಿ, ತಿಂಗಳು ನಡೆಯುತ್ತೆ.

ಮನೆ ಇನ್ನೂ ನೋಡ್ತಾ ಇದ್ದರೆ ಒಂದು ಮಾತು. ತೋಟದೊಳಗೆ ಮನೆ ಮಾಡಿದರೆ ಆ್ಯಪ್ ಡೆಲಿವರಿಯ ಆಸೆ ಬಿಡಿ, ಹುಡುಗ ಗೇಟಿನ ತನಕವೂ ಬರಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರದೇ ಇರೋದೂ ಉಂಟು. ನಿಮ್ಮ ಇನ್ವರ್ಟರಿಗೆ ಓಟಿಜಿ ಎಳೆಯೋಕಾಗಲ್ಲ. ಆ ವಾರ ಕಾವಲಿ ಮೇಲೆ ಒಂದು ಮುಚ್ಚಳ ಮುಚ್ಚಿ, ಗ್ಯಾಸಿನಲ್ಲೇ ಸುಧಾರಿಸಿಕೊಳ್ಳಿ.