ನಿಮ್ಮ ಟೆನಿಸ್ ಲೇಖನ ಓದಿದೆ

ಧಾರವಾಡದ ಗೆಳೆಯರಿಗೆ ನಮಸ್ಕಾರ.

‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಲೇಖನ ತಲುಪಿದೆ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಯಾನಿಕ್ ಸಿನ್ನರ್‌ಗೆ 3 ತಿಂಗಳು, ಇಗಾ ಶ್ವಾಂಟೆಕ್‌ಗೆ 1 ತಿಂಗಳು, ಸಿಮೋನಾ ಹಾಲೆಪ್‌ಗೆ ಮಾತ್ರ 4 ವರ್ಷ ಅಮಾನತು. ನಂಬರ್ ಒನ್ ಆಟಗಾರರಿಗೆ ಎಲ್ಲ ಮಾಫಿ ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ನನಗೆ ಹಿಡಿಸಿತು. ಆದರೆ ಈಗಿರುವ ಹಾಗೆ ಇದನ್ನು ಪುರವಣಿಯಲ್ಲಿ ಹಾಕಲು ಆಗುವುದಿಲ್ಲ.

ನೀವು ಕೊಟ್ಟ ಉದಾಹರಣೆಯೇ ನಿಮ್ಮ ವಾದವನ್ನು ಕೆಡಿಸುತ್ತದೆ. ಹಾಲೆಪ್ ಕೂಡ ಒಂದು ಕಾಲದ ನಂಬರ್ ಒನ್. ವಿಂಬಲ್ಡನ್, ಫ್ರೆಂಚ್ ಓಪನ್ ಗೆದ್ದವರು. ದೊಡ್ಡ ಹೆಸರೇ ಕಾಪಾಡುವುದಾದರೆ ಅವರನ್ನೂ ಕಾಪಾಡಬೇಕಿತ್ತು, ಅಲ್ವಾ? ಅವರ 4 ವರ್ಷವನ್ನು ಕ್ರೀಡಾ ನ್ಯಾಯಮಂಡಳಿ 2024ರ ಮಾರ್ಚ್‌ನಲ್ಲಿ 9 ತಿಂಗಳಿಗೆ ಇಳಿಸಿತು. ಅದನ್ನು ನೀವು ಬಿಟ್ಟಿದ್ದೀರಿ. ಬಿಡಬಾರದಿತ್ತು, ಯಾಕೆಂದರೆ ಇಡೀ ಪ್ರಕರಣದಲ್ಲಿ ಮನಸ್ಸಿಗೆ ನಾಟುವುದು ಅದೇ. 9 ತಿಂಗಳು ಸಾಕು ಎಂಬ ತೀರ್ಪು ಬರುವ ಹೊತ್ತಿಗೆ ಅವರು ಹತ್ತಿರ ಹತ್ತಿರ ಒಂದೂವರೆ ವರ್ಷ ತಾತ್ಕಾಲಿಕ ಅಮಾನತಿನಲ್ಲೇ ಕೂತಾಗಿತ್ತು. ಜಾಸ್ತಿ ಕಳೆದ ತಿಂಗಳುಗಳನ್ನು ಯಾರು ವಾಪಸ್ ಕೊಡುತ್ತಾರೆ? 2025ರ ಫೆಬ್ರವರಿಯಲ್ಲಿ ಅವರು ಆಟವನ್ನೇ ಬಿಟ್ಟರು.

ಸಿನ್ನರ್ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. 2024ರ ಮಾರ್ಚ್‌ನಲ್ಲಿ ಅವರ ಮೂತ್ರದಲ್ಲಿ ಕ್ಲೋಸ್ಟೆಬಾಲ್ ಎಂಬ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿತು, ಲೆಕ್ಕಕ್ಕೇ ಬಾರದಷ್ಟು ಸಣ್ಣ ಪ್ರಮಾಣ. ಫಿಸಿಯೋ ತನ್ನ ಬೆರಳಿನ ಗಾಯಕ್ಕೆ ಅದೇ ಮದ್ದಿದ್ದ ಒಂದು ಸ್ಪ್ರೇ ಹಾಕಿಕೊಂಡು, ಅದೇ ಕೈಯಲ್ಲಿ ಮಸಾಜ್ ಮಾಡಿದ್ದ. ಇದನ್ನು ಅವರ ತಂಡ ತಕ್ಷಣ ಪತ್ತೆ ಹಚ್ಚಿ ಮೇಲ್ಮನವಿ ಹಾಕಿತು. ತಾತ್ಕಾಲಿಕ ಅಮಾನತು ಕೆಲವೇ ದಿನಗಳಲ್ಲಿ ತೆರವಾಯಿತು, ಅವರು ಆಡುತ್ತಲೇ ಹೋದರು. ಜನರಿಗೆ ಗೊತ್ತಾದದ್ದು ಆಗಸ್ಟ್‌ನಲ್ಲಿ. ‘ಮುಚ್ಚಿಟ್ಟರು’ ಎಂದಿದ್ದೀರಿ. 10 ದಿನದೊಳಗೆ ಅರ್ಜಿ ಹಾಕಿ ಗೆದ್ದರೆ ಹೆಸರು ಹೊರಗೆ ಹೇಳುವುದಿಲ್ಲ ಎಂಬುದು ನಿಯಮ. ಆ ನಿಯಮವನ್ನು ಮೊದಲು ಓದುಗರಿಗೆ ಹೇಳಿ, ಆಮೇಲೆ ಅದರ ಮೇಲೆ ಜಗಳಕ್ಕೆ ಇಳಿಯಿರಿ.

‘ದುಡ್ಡು ಕೊಟ್ಟು ಬಿಡಿಸಿಕೊಂಡಿರಬೇಕು’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಪುರಾವೆ ಇಲ್ಲದ ಮಾತು. ಸಿನ್ನರ್‌ಗೆ ಸಿಕ್ಕ ಬಿಡುಗಡೆಯ ವಿರುದ್ಧ ಮೇಲ್ಮನವಿ ಹೋದದ್ದು ಸ್ವತಃ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ. ಆ 3 ತಿಂಗಳು 2025ರಲ್ಲಿ ಎರಡೂ ಕಡೆಯವರು ಒಪ್ಪಿಕೊಂಡ ರಾಜಿ. ಫೆಬ್ರವರಿ 9ರಿಂದ ಮೇ 4ರವರೆಗೆ, ಒಂದೂ ಗ್ರ್ಯಾನ್‌ಸ್ಲಾಮ್ ತಪ್ಪದ ಹಾಗೆ. ಇದರ ಬಗ್ಗೆ ನೀವು ಎಷ್ಟು ಖಾರವಾಗಿ ಬರೆದರೂ ನಾನು ಕತ್ತರಿ ಹಾಕುವುದಿಲ್ಲ.

ಟಾರಾ ಮೂರ್ ಹೆಸರೇ ನಿಮ್ಮಲ್ಲಿಲ್ಲ. ಬ್ರಿಟನ್ನಿನ ಡಬಲ್ಸ್ ಆಟಗಾರ್ತಿ. 2022ರಲ್ಲಿ ಅಮಾನತು, 2023ರ ಡಿಸೆಂಬರ್‌ನಲ್ಲಿ ‘ತಿಂದ ಮಾಂಸದಿಂದ ಬಂದದ್ದು, ತಪ್ಪಿಲ್ಲ’ ಎಂದು ಬಿಡುಗಡೆ, 2025ರಲ್ಲಿ ಅದೂ ತಿರುಗಿ 4 ವರ್ಷ. ತೀರ್ಪು ಸರಿಯೋ ತಪ್ಪೋ, ಇಷ್ಟು ವರ್ಷ ತೂಗುಯ್ಯಾಲೆಯಲ್ಲಿ ಇಡುವುದು ಖಂಡಿತ ಸರಿಯಲ್ಲ.

ಇನ್ನೊಂದು ಮಾತು. ಕ್ಲೋಸ್ಟೆಬಾಲ್ ಅಂದರೆ ನಮ್ಮ ಓದುಗರಿಗೆ ಏನೂ ಹೊಳೆಯುವುದಿಲ್ಲ. ಕೆಮ್ಮಿನ ಸಿರಪ್ ಕುಡಿದು 2019ರಲ್ಲಿ ಪೃಥ್ವಿ ಶಾ 8 ತಿಂಗಳು ಅಮಾನತಾದದ್ದು ಹೊಳೆಯುತ್ತದೆ. ಅಲ್ಲಿಂದ ಕರೆದುಕೊಂಡು ಬನ್ನಿ.

ಕೊನೆಗೆ ನನಗೆ ತುಂಬಾ ಇಷ್ಟವಾದದ್ದು. 2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲೇ ನಡೆದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿಯನ್ನು ನೀವು ನೋಡಿದ್ದೀರಿ. ಸೋತ ಆಟಗಾರನೊಬ್ಬ ಮೆಟ್ಟಿಲ ಮೇಲೆ ಕೂತು, ಮೊಣಕಾಲಿನ ಟೇಪನ್ನು ತಾನೇ ಕಿತ್ತು, ಬ್ಯಾಗ್ ಹೆಗಲಿಗೇರಿಸಿ ಆಟೋ ಹುಡುಕುತ್ತಾ ಹೋದ ಎಂದು ಬರೆದಿದ್ದೀರಿ. ಎಷ್ಟು ಚಂದದ ಪ್ಯಾರಾ! ಅದನ್ನು ಮೂರನೇ ಪುಟದಲ್ಲಿ ಸುಮ್ನೆ ಬಿಟ್ಟುಬಿಟ್ಟಿದ್ದೀರಲ್ಲ? ಆ ಇಡೀ ಟೂರ್ನಿಯ ಬಹುಮಾನ 25 ಸಾವಿರ ಡಾಲರ್, ಎಲ್ಲರಿಗೂ ಸೇರಿ. ಆ ಹುಡುಗನ ಸ್ಯಾಂಪಲ್‌ನಲ್ಲಿ ಏನಾದರೂ ಸಿಕ್ಕಿದರೆ 10 ದಿನದಲ್ಲಿ ಅವನು ಯಾವ ವಕೀಲರನ್ನು ಹಿಡಿಯಬೇಕು, ಯಾವ ಲ್ಯಾಬಿಗೆ ಓಡಬೇಕು? ಸಿನ್ನರ್‌ಗೆ ಸಿಕ್ಕಿದ್ದು ನ್ಯಾಯವೇ ಇರಬಹುದು. ಅದು ಈ ಹುಡುಗನ ಕೈಗೆ ಎಟುಕುತ್ತದಾ ಎಂದು ಕೇಳಿ. ನಿಮ್ಮ ಲೇಖನ ಅವನಿಂದಲೇ ಶುರುವಾಗಲಿ.

ಫ್ರೆಂಚ್ ಓಪನ್‌ಗೆ ಮುಂಚೆ ತಿದ್ದಿ ಕಳಿಸಿ. ಜಾಗ ಇಟ್ಟಿರುತ್ತೇನೆ.

– ಸಂಪಾದಕ, ಹುಬ್ಬಳ್ಳಿ